ಅತ್ತೆಯ ಹೆಸರಿನ ರಕ್ತ, ಹೆಸರಿಲ್ಲದ ಟ್ಯೂಬು

ಹರಿಹರದಲ್ಲಿ ನನ್ನ ಕೈ ಹಗುರ ಅಂತ ಹೆಸರಿದೆ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿರುವ ರಕ್ತ ಸಂಗ್ರಹ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಬೆಳಿಗ್ಗೆ ಏಳಕ್ಕೆ ಷಟರ್ ಎತ್ತಿದರೆ ಹತ್ತರೊಳಗೆ ಮೂವತ್ತು ನಲವತ್ತು ತೋಳುಗಳು ನನ್ನ ಮುಂದೆ ಬಂದು ಹೋಗುತ್ತವೆ. ಟ್ಯೂಬುಗಳನ್ನು ಐಸ್ ಡಬ್ಬಿಗೆ ತುಂಬಿ ದಾವಣಗೆರೆಯ ಲ್ಯಾಬಿಗೆ ಕಳಿಸಿದರೆ ಸಂಜೆ ಐದಕ್ಕೆ ರಿಪೋರ್ಟು ನನ್ನ ಕಂಪ್ಯೂಟರಿಗೆ ಬಂದಿರುತ್ತದೆ. ಐದು ಗಂಟೆಗೆ ಬನ್ನಿ ಎಂದರೂ ಮೂರಕ್ಕೇ ಬಂದು ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತಾ ಕೂರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. "ಐದಕ್ಕೆ ಬರ್ರಿ ಅಂತ ಹೇಳಿಲ್ವೇನ್ರಿ? ಈಗಲೇ ಬಂದು ಕೂತ್ರೆ ಮಿಷನ್ ಜೋರಾಗಿ ಓಡುತ್ತೇನು?" ಎಂದು ಗದರಿದ್ದೂ ಉಂಟು. ಅವರೆಲ್ಲರ ಕ್ಷಮೆ ಕೇಳಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದಿನ ಮಾತು. ಆಗ ನನಗೆ ಮೂವತ್ತೆಂಟು. ಸಂಜೆ ಮನೆಗೆ ಬಂದು ಚಪ್ಪಲಿ ಬಿಚ್ಚಿದರೆ ಪಟ್ಟಿಯ ಗುರುತು ಪಾದದ ಮೇಲೆ ಹಾಗೇ ಉಳಿಯುತ್ತಿತ್ತು. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ನಿಧಾನಕ್ಕೆ ತುಂಬಿಕೊಳ್ಳುತ್ತಿತ್ತು. ಮೂತ್ರದಲ್ಲಿ ಸೋಪಿನ ನೊರೆಯಂಥ ನೊರೆ. ಬೇರೆ ಯಾರಾದರೂ ನನ್ನ ಮುಂದೆ ಕುಳಿತು ಇಷ್ಟು ಹೇಳಿದ್ದರೆ "ಇವತ್ತೇ ಕಿಡ್ನಿ ಟೆಸ್ಟ್ ಮಾಡ್ಸಿ" ಎಂದು ಚೀಟಿ ಬರೆದುಬಿಡುತ್ತಿದ್ದೆ. ನನ್ನದಾದ್ದರಿಂದ, ನಿಂತು ನಿಂತು ಕಾಲು ಬಾತಿವೆ ಎಂದು ಒಂದು ತಿಂಗಳು ತಳ್ಳಿದೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಚ್ಚಲಿಗೆ ಹೋಗಿ ಬಂದಾಗಲೆಲ್ಲ ಇನ್ನೊಂದು ಸಲ ಹೋಗಿ ನೋಡಬೇಕು ಅನ್ನಿಸುತ್ತಿತ್ತು.

ಕೊನೆಗೆ ಒಂದು ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಹೋಗಿ ಷಟರ್ ಅರ್ಧ ಮಾತ್ರ ಎತ್ತಿದೆ. ಎಡತೋಳಿಗೆ ರಬ್ಬರ್ ಪಟ್ಟಿ ಸುತ್ತಿ, ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆದು, ಬಲಗೈಯಿಂದ ನನ್ನ ರಕ್ತವನ್ನು ನಾನೇ ತೆಗೆದುಕೊಂಡೆ. ಮೂತ್ರವನ್ನೂ ಒಂದು ಡಬ್ಬಿಯಲ್ಲಿ ಹಿಡಿದಿಟ್ಟೆ. ಅದೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಚೀಟಿಯ ಮೇಲೆ ಹೆಸರು ಬರೆಯುವಾಗ.

ದಾವಣಗೆರೆ ಲ್ಯಾಬಿನಲ್ಲಿ ಪ್ರಕಾಶ ಅಂತ ಇದ್ದಾನೆ. ಆವರಗೆರೆಯವನು, ನನ್ನ ಗಂಡ ಬಸವರಾಜ್ ಅವರ ಜೊತೆ ಐಟಿಐ ಓದಿದವನು. ಅವನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ನನ್ನ ಹೆಸರು ಕಂಡರೆ ರಿಪೋರ್ಟು ನನಗೆ ಬರುವ ಮೊದಲೇ ಸುದ್ದಿ ನನ್ನ ಗಂಡನಿಗೆ ಮುಟ್ಟಿರುತ್ತದೆ. ನಮ್ಮವರು ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ಯಂತ್ರ ಕೆಟ್ಟರೆ ಕಲ್ಲಿನಂತೆ ನಿಲ್ಲುವ ಮನುಷ್ಯ, ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಎರಡೂ ಕಡೆಯ ನೆಂಟರಿಗೆಲ್ಲ ಫೋನು ಹಚ್ಚುತ್ತಾರೆ. ಅದು ಬೇಡವಾಗಿತ್ತು ನನಗೆ. ಮೊದಲು ನಾನು ತಿಳಿದುಕೊಳ್ಳಬೇಕು, ಆಮೇಲೆ ಉಳಿದವರು. ನಮ್ಮತ್ತೆಗೆ ಸಕ್ಕರೆ ಕಾಯಿಲೆ ಇರುವುದರಿಂದ ಅವರ ರಕ್ತ ತಿಂಗಳು ತಿಂಗಳು ಅದೇ ಲ್ಯಾಬಿಗೆ ಹೋಗುತ್ತಿತ್ತು. ಯಾರಿಗೂ ಅನುಮಾನ ಬರುವುದಿಲ್ಲ. ಪೆನ್ನು ತೆಗೆದು ಬರೆದೆ: ಹಾಲಮ್ಮ, 68, ಹೆಣ್ಣು.

ಸಂಜೆ ರಿಪೋರ್ಟು ಬಂತು. ಕಿಡ್ನಿ ಸೋಸದೆ ಬಿಟ್ಟದ್ದನ್ನು ತೋರಿಸುವ ಕ್ರಿಯಾಟಿನೈನ್, ಒಂದರ ಆಸುಪಾಸಿನಲ್ಲಿ ಇರಬೇಕಾದ್ದು ಒಂದೂವರೆ ದಾಟಿತ್ತು, ಮೂತ್ರದಲ್ಲಿ ಪ್ರೋಟೀನು. ನಮ್ಮ ಕೇಂದ್ರಕ್ಕೆ ರೋಗಿಗಳನ್ನು ಕಳಿಸುವ ಡಾಕ್ಟರೊಬ್ಬರಿಗೆ ಫೋನು ಮಾಡಿ "ಸರ್, ನಮ್ಮತ್ತೆದು" ಎಂದು ಅಂಕಿಗಳನ್ನು ಓದಿದೆ. ಪಾಪ, ಅವರಾದರೂ ಏನು ಹೇಳಿಯಾರು? "ವಯಸ್ಸಾಗಿದೆ, ಶುಗರ್ ಬೇರೆ ಇದೆ. ಈ ವಯಸ್ಸಿಗೆ ಇಷ್ಟು ಏರೋದು ಇದ್ದದ್ದೇ. ಉಪ್ಪು ಕಮ್ಮಿ ಮಾಡ್ಸಮ್ಮ, ಮೂರ್ನಾಲ್ಕು ತಿಂಗಳು ಬಿಟ್ಟು ಮತ್ತೊಮ್ಮೆ ನೋಡೋಣ" ಎಂದರು.

ಈಗ ಹೇಳಲು ನಾಚಿಕೆಯಾಗುತ್ತದೆ. ಅರವತ್ತೆಂಟು ವರ್ಷದವರಿಗೆ ಹೇಳಿದ ಸಮಾಧಾನವನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡೆ. ಅದು ನನಗೆ ಹೇಳಿದ್ದಲ್ಲ ಎಂದು ಗೊತ್ತಿತ್ತು. ಆಗಲೇ ಒಂಬತ್ತು ವರ್ಷ ಈ ಅಂಕಿಗಳ ಜೊತೆ ಬದುಕಿದವಳಿಗೆ ಗೊತ್ತಿರದೆ ಇರುತ್ತದೆಯೇ? ಆದರೂ "ಇದ್ದದ್ದೇ" ಎಂಬ ಮಾತು ಕಿವಿಗೆ ಹಿತವಾಗಿತ್ತು. ಅವತ್ತು ಸಂಜೆ ದಾರಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಮನೆಗೆ ಹೋದೆ.

ಮೂರನೇ ದಿನ ನಮ್ಮವರು ಮುಖ ಸಪ್ಪೆ ಮಾಡಿಕೊಂಡು ಬಂದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಪ್ರಕಾಶ ಫೋನ್ ಮಾಡಿದ್ದ" ಎಂದರು ನಮ್ಮವರು. "ಅಮ್ಮನ ಕಿಡ್ನಿ ಕೆಟ್ಟೈತಂತೆ. ನಿಂಗೆ ಗೊತ್ತಿದ್ದೂ ಯಾಕ ಹೇಳಲಿಲ್ಲ?"

ಅಷ್ಟೆಲ್ಲ ಲೆಕ್ಕ ಹಾಕಿದವಳಿಗೆ ಪ್ರಕಾಶನ ಬಾಯಿಗೆ ಅತ್ತೆಯ ಹೆಸರೂ ಒಂದೇ, ನನ್ನ ಹೆಸರೂ ಒಂದೇ ಎನ್ನುವುದು ಹೊಳೆದಿರಲಿಲ್ಲ. ಏನೋ ಹೇಳಲು ಹೋಗಿ "ಅಷ್ಟೇನಿಲ್ಲ, ವಯಸ್ಸಿಂದು ಅಂದ್ರು ಡಾಕ್ಟ್ರು" ಎಂದುಬಿಟ್ಟೆ. ಅತ್ತೆ ಸುಲಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು.

"ಕಿಡ್ನಿಗೆ ಏನ್ ತಿನ್ನಬಾರದಂತೆ?"

"ಉಪ್ಪು ಕಮ್ಮಿ ಮಾಡ್ಬೇಕಂತೆ."

"ಆತು. ನಾಳೆಯಿಂದ ಉಪ್ಪು ಬ್ಯಾಡ. ಎಲ್ರಿಗೂ ಒಂದೇ ಸಾರು. ನಂಗೊಂದು ನಿಮಗೊಂದು ಅಂತ ಎರಡೆರಡು ಪಾತ್ರೆ ಇಡಾಕೆ ನನ್ನ ಕೈಲಾಗಲ್ಲ."

ಕೆಂಪು ಚಟ್ನಿ ಇಲ್ಲದ ರೊಟ್ಟಿ ಊಟವೇ ಅಲ್ಲ ಅನ್ನುತ್ತಿದ್ದ ಹೆಂಗಸು ಅವರು. ಮಾರನೇ ದಿನವೇ ಉಪ್ಪಿನಕಾಯಿ ಜಾಡಿ, ಹಪ್ಪಳದ ಡಬ್ಬಿ ಎಲ್ಲವನ್ನೂ ಮಗನ ಕೈಯಿಂದ ಅಟ್ಟಕ್ಕೆ ಹಾಕಿಸಿದರು. ನಮ್ಮವರು ಎರಡು ದಿನ ಸಪ್ಪೆ ಸಾರು ಉಂಡು, ಮೂರನೇ ದಿನದಿಂದ ವರ್ಕ್‌ಶಾಪಿನ ಹತ್ತಿರದ ಹೋಟೆಲಿನಲ್ಲಿ ತಿಂದು ಬರತೊಡಗಿದರು. ನಾನು ಎದುರು ಮಾತಾಡದೆ ಉಣ್ಣುತ್ತಿದ್ದೆ. ಕಿಡ್ನಿಗೆ ಏನೂ ಆಗದ ಮುದುಕಿ ನನ್ನಿಂದಾಗಿ ಸಪ್ಪೆ ಉಣ್ಣುವುದನ್ನು ಎದುರಿಗೆ ಕುಳಿತು ನೋಡುವುದಿದೆಯಲ್ಲ, ಆ ಶಿಕ್ಷೆ ಯಾರಿಗೂ ಬೇಡ. ದಿನಾ ಬೆಳಿಗ್ಗೆ ಇವತ್ತು ಹೇಳಿಬಿಡುತ್ತೇನೆ ಎಂದು ಏಳುತ್ತಿದ್ದೆ. ಕೇಂದ್ರಕ್ಕೆ ಓಡುತ್ತಿದ್ದೆ, ಬರುತ್ತಿದ್ದೆ, ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದೆ, ಮಡಿಸಿದ ಸೀರೆಯನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದೆ. ಹೇಳುತ್ತಿರಲಿಲ್ಲ. ಹೀಗೆ ನಾಲ್ಕು ತಿಂಗಳು ಹೋಯಿತು.

ಒಂದು ದಿನ ನನ್ನ ಹತ್ತಿರವೇ ಸೂಜಿ ಹಾಕಿಸಿಕೊಳ್ಳಬೇಕೆಂದು ದೂರದಿಂದ ಬರುವ ಒಬ್ಬ ಅಜ್ಜ ಬಂದರು. ಹಗ್ಗದಂಥ ನರ, ಕಣ್ಣು ಮುಚ್ಚಿದರೂ ಸಿಗುತ್ತದೆ. ಅವತ್ತು ಬೆಳಿಗ್ಗೆಯಿಂದ ತಲೆ ಸಿಡಿಯುತ್ತಿತ್ತು, ಕಣ್ಣ ಮುಂದೆ ಮಬ್ಬು. ಮೊದಲ ಸಲ ತಪ್ಪಿತು. ಎರಡನೇ ಸಲವೂ ತಪ್ಪಿತು.

"ಇರ್ಲಿ ಬಿಡವ್ವ, ಗಾಬರಿಯಾಗಬ್ಯಾಡ. ಇನ್ನೊಂದು ಕೈ ಐತಲ್ಲ" ಎಂದು ಅಜ್ಜನೇ ನನಗೆ ಧೈರ್ಯ ಹೇಳಿದರು.

ಅವರು ಹೋದ ಮೇಲೆ ಒಳಗೆ ಹೋಗಿ ಬಿಪಿ ಪಟ್ಟಿಯನ್ನು ನನ್ನ ತೋಳಿಗೇ ಕಟ್ಟಿಕೊಂಡೆ. ಆ ಅಂಕಿ ಬೇರೆ ಯಾರದ್ದಾಗಿದ್ದರೂ ಆಟೋ ಕರೆಸಿ ನಾನೇ ಹತ್ತಿಸಿ ಕಳಿಸುತ್ತಿದ್ದೆ. ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಕಾಯಿಲೆಗಿಂತ ಹೆಚ್ಚಾಗಿ ಆ ಎರಡು ಸಲ ತಪ್ಪಿದ ಸೂಜಿಗಾಗಿ ಅತ್ತದ್ದು ಅನ್ನಿಸುತ್ತದೆ.

ಸಂಜೆ ಮನೆಗೆ ಹೋದರೆ ನಮ್ಮವರೇ ಹೇಳಿದರು, "ದಾವಣಗೆರೆಯಾಗೆ ಕಿಡ್ನಿ ಡಾಕ್ಟ್ರ ಹತ್ರ ನಾಳಿಗೆ ಅಮ್ಮನ ಹೆಸರು ಬರೆಸೀನಿ. ನಾನು ರಜಾ ಹಾಕ್ತೀನಿ."

"ಬ್ಯಾಡ, ನಾನೇ ಕರ್ಕೊಂಡು ಹೋಗ್ತೀನಿ" ಎಂದೆ. ಅತ್ತೆಯನ್ನು ಹೊರಗೆ ಕೂರಿಸಿ, ಒಬ್ಬಳೇ ಒಳಗೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿಬಿಡುವುದು ನನ್ನ ಉಪಾಯವಾಗಿತ್ತು.

ಎರಡೂವರೆ ಗಂಟೆ ಕಾದೆವು. ಆ ಕೋಣೆಯಲ್ಲಿ ಉಬ್ಬಿದ ಮುಖಗಳು, ಬತ್ತಿದ ಮುಖಗಳು, ಪ್ಲಾಸ್ಟಿಕ್ ಚೀಲಗಳಲ್ಲಿ ದಪ್ಪ ದಪ್ಪ ಫೈಲುಗಳು. ಪಕ್ಕದಲ್ಲಿ ಆನಗೋಡಿನಿಂದ ಬಂದ ಗಂಡ ಹೆಂಡತಿ ಕುಳಿತಿದ್ದರು. ಆಕೆಯ ಮುಂಗೈಯಲ್ಲಿ ಡಯಾಲಿಸಿಸ್‌ಗೆಂದು ಕೂಡಿಸಿದ ನರ ಹೆಬ್ಬೆರಳು ಗಾತ್ರಕ್ಕೆ ಉಬ್ಬಿ ನಿಂತಿತ್ತು. ಅಂಥ ಕೈಗೆ ಸೂಜಿ ಹಾಕಬಾರದು ಎಂದು ನನಗೆ ಪಾಠದಲ್ಲಿ ಹೇಳಿಕೊಟ್ಟಿದ್ದರು, ಅಂಥ ಕೈ ಇರುವವರ ಪಕ್ಕದಲ್ಲಿ ಕುಳಿತುಕೊಳ್ಳುವುದು ಹೇಗೆಂದು ಹೇಳಿಕೊಟ್ಟಿರಲಿಲ್ಲ. ಆಕೆ ನನ್ನ ಕಣ್ಣು ಎಲ್ಲಿದೆ ಎಂದು ನೋಡಿ, "ಮುಟ್ಟಿ ನೋಡ್ರಿ, ಗುರ್ ಅಂತೈತೆ" ಎಂದು ನಕ್ಕಳು. ಮುಟ್ಟಿದೆ. ನಿಜವಾಗಿಯೂ ಬೆರಳಿಗೆ ಗುರುಗುಡುತ್ತಿತ್ತು. ಎದ್ದು ಓಡಿಹೋಗಬೇಕು ಅನ್ನಿಸಿತು. ನನ್ನ ಕಾಲು ತಾನಾಗಿಯೇ ಅಲ್ಲಾಡುತ್ತಿತ್ತು, ಅತ್ತೆ ಮೊಣಕಾಲಿನ ಮೇಲೆ ಕೈ ಇಟ್ಟು ಅದುಮಿ ಹಿಡಿದರು.

"ಹಾಲಮ್ಮ!" ಎಂದು ನರ್ಸು ಕೂಗಿದಳು.

"ನೀವು ಕೂಡ್ರಿ ಅತ್ತಿ, ಮೊದ್ಲು ನಾನು ರಿಪೋರ್ಟ್ ತೋರಿಸಿ ಬರ್ತೀನಿ" ಎಂದು ಎದ್ದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ನನಗಿಂತ ಮೊದಲು ಬಾಗಿಲು ತಳ್ಳಿಕೊಂಡು ಒಳಗೆ ಹೋದರು.

ಡಾಕ್ಟರು ಕಾಗದ ನೋಡುತ್ತಾ, "ಹಾಲಮ್ಮ ಅಂದ್ರೆ ನೀವೇನಮ್ಮ?" ಎಂದರು.

"ನಾನೇ ರೀ. ಆದ್ರ ರಕ್ತ ನಂದಲ್ಲ ಡಾಕ್ಟ್ರೆ, ಇವಳ್ದು. ರೇಣುಕಾ ಅಂತ, ನನ್ನ ಸೊಸಿ. ನೋಡ್ರಿ ಇವಳ ಕಾಲು ಹೆಂಗಾಗ್ಯಾವೆ" ಎಂದು ಬಗ್ಗಿ ನನ್ನ ಸೀರೆಯ ಅಂಚನ್ನು ಗೆಣ್ಣಿನವರೆಗೆ ಎತ್ತಿ ತೋರಿಸಿದರು.

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಡಾಕ್ಟರು ಒಂದು ಸಲ ಅವರನ್ನು, ಒಂದು ಸಲ ನನ್ನನ್ನು ನೋಡಿ, ಹೊಸ ಹಾಳೆ ತೆಗೆದು ನನ್ನ ಹೆಸರು, ನನ್ನ ವಯಸ್ಸು ಬರೆದರು. ಬಿಪಿ ನೋಡಿದರು. ಬೈಯಲಿಲ್ಲ. "ಇವತ್ತೇ ಅಡ್ಮಿಟ್ ಆಗಿ. ಬಿಪಿ ಇಳಿಸಿ, ಕಿಡ್ನಿಯಿಂದ ಒಂದು ಚೂರು ತೆಗೆದು ನೋಡಬೇಕು" ಎಂದಷ್ಟೇ ಹೇಳಿದರು.

ಹೊರಗೆ ಬಂದವಳೇ ಅತ್ತೆಯ ಮೇಲೆ ಹರಿಹಾಯ್ದೆ. "ಯಾವಾಗಿಂದ ಗೊತ್ತು ನಿಮಗೆ?"

"ಮೊದಲ್ನೇ ದಿನದಿಂದ. ಆ ತಿಂಗಳು ನೀನು ನನ್ನ ಕೈಗೆ ಸೂಜಿನೇ ಹಾಕಿರಲಿಲ್ಲ. ನಂದಲ್ಲ ಅಂದ್ರೆ ಮನೆಯಾಗೆ ಇನ್ಯಾರ್ದು?"

"ಮತ್ಯಾಕ ಬಾಯಿ ಬಿಡಲಿಲ್ಲ?"

"ನೀನ್ಯಾಕ ಬಿಡಲಿಲ್ಲ? ಓದಿದೋಳು ನೀನು, ರಿಪೋರ್ಟ್ ನೋಡೋಳು ನೀನು. ನೀನೇ ಸುಮ್ನಿದ್ದೀ ಅಂದ್ರೆ ಉಪ್ಪು ಬಿಟ್ರೆ ಸಾಕೇನೋ ಅಂದ್ಕಂಡೆ. ಅದಕ್ಕ ಬಿಡಿಸಿದೆ."

ಒಂದೇ ಸಾರಿನ ಗುಟ್ಟು ಆಗ ತಿಳಿಯಿತು. ಇಂಥ ಹೊತ್ತಿನಲ್ಲಿ ಕಣ್ಣು ತುಂಬಿ ಕಾಲಿಗೆ ಬಿದ್ದೆ ಎಂದು ಬರೆದರೆ ಓದುವವರಿಗೆ ಹಿತವಾಗಬಹುದು. ನನಗೆ ಬಂದದ್ದು ಸಿಟ್ಟು. ಗೊತ್ತಿದ್ದ ಮೇಲೆ ಕೂಗಾಡಬೇಕಿತ್ತು, ಮಗನಿಗೆ ಹೇಳಬೇಕಿತ್ತು, ಕೈ ಹಿಡಿದು ಎಳೆದು ತರಬೇಕಿತ್ತು. ನಾಲ್ಕು ತಿಂಗಳು ಸಪ್ಪೆ ಸಾರು ಉಣಿಸಿದರೆ ಕಿಡ್ನಿ ಉಳಿಯುತ್ತದೆಯೇ? ಮುಖ ತಿರುಗಿಸಿಕೊಂಡು ವಾರ್ಡಿಗೆ ಹೋದೆ.

ಮಧ್ಯಾಹ್ನ ನಮ್ಮವರು ಓಡಿ ಬಂದರು. ಅತ್ತೆ ಬಾಗಿಲಲ್ಲೇ ತಡೆದು ಎಲ್ಲ ಹೇಳಿದ್ದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಗ್ರೀಸು ಮೆತ್ತಿದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಾ, "ನಾನು ಅಷ್ಟು ಗಾಬರಿ ಮಾಡ್ತೀನಾ?" ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಅವತ್ತು ಅವರು ಯಾರಿಗೂ ಫೋನು ಮಾಡಲಿಲ್ಲ.

ಬಿಪಿ ಇಳಿಯಲು ಮೂರು ದಿನ ಹಿಡಿಯಿತು. ಆಮೇಲೆ ಬೋರಲು ಮಲಗಿಸಿ, ಬೆನ್ನಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, "ಉಸಿರು ಹಿಡೀರಿ" ಅಂದರು. ಟಪ್ ಎಂದು ಸ್ಟೇಪ್ಲರ್ ಹೊಡೆದಂಥ ಸದ್ದು, ಎರಡು ಸಲ. ಅಷ್ಟೇ. ನೋವಿಗಿಂತ ಆಮೇಲಿನದ್ದೇ ಹಿಂಸೆ: ಆರು ಗಂಟೆ ಅಂಗಾತ ಮಲಗಿರಬೇಕು, ಹೊರಳಬಾರದು, ಏಳಬಾರದು. ಒಂದು ನಿಮಿಷ ಸುಮ್ಮನೆ ಕೂರದ ನನಗೆ! ಫ್ಯಾನಿನ ರೆಕ್ಕೆ ಎಣಿಸಿದೆ, ಗೋಡೆಯ ಬಿರುಕು ಎಣಿಸಿದೆ, ಗಡಿಯಾರ ನಿಂತಿದೆಯೇ ಎಂದು ನರ್ಸನ್ನು ಮೂರು ಸಲ ಕೇಳಿದೆ.

ಅದೇ ಹೊತ್ತಿಗೆ ನಾಜಿಯಾ ಬಂದಳು. ದಾವಣಗೆರೆಯ ಹುಡುಗಿ, ತಂದೆಯದ್ದು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಕಿಡ್ನಿ ಕಾಯಿಲೆಯವರ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಒಂದು ಫಾರಮು, ಒಂದು ಸಣ್ಣ ಐಸ್ ಡಬ್ಬಿ. ಡಬ್ಬಿ ಕಂಡದ್ದೇ ನನಗೆ ನೆಂಟರು ಬಂದಷ್ಟು ಸಂತೋಷವಾಯಿತು.

"ಮೇಡಂ, ಮಾತ್ರೆ ಶುರು ಮಾಡೋಕಿಂತ ಮೊದ್ಲು ನಿಮ್ಮ ರಕ್ತ, ಮೂತ್ರ ಸ್ವಲ್ಪ ಬೇಕಿತ್ತು. ನಿಮಗೆ ಇಷ್ಟ ಇದ್ರೆ ಮಾತ್ರ" ಎಂದಳು.

"ಎದಕ್ಕೆ?"

"ಸರ್ಕ್ಯುಲರ್ ಆರ್‌ಎನ್‌ಎ ನೋಡಾಕೆ ರೀ." ನನ್ನ ಮುಖ ನೋಡಿ ಸ್ಟೂಲು ಎಳೆದುಕೊಂಡು ಕುಳಿತಳು. "ಜೀವಕೋಶದಾಗೆ ಸುದ್ದಿ ಒಯ್ಯೋ ದಾರ ಇರ್ತಾವೆ, ಆರ್‌ಎನ್‌ಎ ಅಂತ. ಸಾಮಾನ್ಯಕ್ಕೆ ಅದಕ್ಕೆ ಎರಡು ತುದಿ. ಕೆಲಸ ಮುಗಿದ ಮೇಲೆ ತುದಿ ಹಿಡಿದು ಕಡಿದು ತಿಂದು ಹಾಕೋವು ಅಲ್ಲೇ ಇರ್ತಾವೆ. ಆದ್ರ ಕೆಲವು ದಾರದ ಎರಡೂ ತುದಿ ಕೂಡ್ಕೊಂಡು ಉಂಗುರ ಆಗಿಬಿಡ್ತಾವೆ. ಕಡಿಯಾಕೆ ತುದಿನೇ ಸಿಗಲ್ಲ. ಅದಕ್ಕೆ ಬಾಳ ಹೊತ್ತು ಉಳೀತಾವೆ. ರಕ್ತದಾಗೂ ಸಿಗ್ತಾವೆ, ಮೂತ್ರದಾಗೂ ಸಿಗ್ತಾವೆ."

ಮೂಲೆಯಲ್ಲಿ ಕುಳಿತಿದ್ದ ಅತ್ತೆ ಮೂರು ದಿನದ ಮೇಲೆ ಬಾಯಿ ತೆರೆದರು. "ಆ ಉಂಗುರನೇ ಏನವ್ವ ಕಿಡ್ನಿ ಕೆಡಿಸಿದ್ದು?"

"ಅದೇ ಗೊತ್ತಿಲ್ಲ ಅಜ್ಜಿ. ಕೆಲವು ಕಾಯಿಲೆ ಬಂದಾಗ ಕೆಲವು ಉಂಗುರ ಜಾಸ್ತಿ ಆಗ್ತಾವೆ, ಕೆಲವು ಕಮ್ಮಿ ಆಗ್ತಾವೆ. ಕೆಡಿಸಾಕೆ ಬಂದಾವೋ, ಕಾಯಾಕೆ ಬಂದಾವೋ, ಸುಮ್ನೆ ಅಲ್ಲಿ ನಿಂತಾವೋ, ಅದನ್ನೇ ಹುಡುಕ್ತಿರೋದು. ಮೊದ್ಲು ಇವನ್ನ ಕಸ ಅಂತ ಬಿಟ್ಟಿದ್ರು. ಈಗ ಹಾರ್ಟು, ಮೆದುಳು, ಕ್ಯಾನ್ಸರು, ಎಲ್ಲಾ ಕಾಯಿಲೆಯಾಗೂ ಇವನ್ನ ನೋಡಾಕತ್ತಾರೆ."

"ಗೊತ್ತಾದ್ರೆ ಬೆನ್ನಿಗೆ ಹಿಂಗೆ ಟಪ್ ಅಂತ ಹೊಡೆಯೋದು ಬ್ಯಾಡ್ವಾ?" ಎಂದು ನಾನು ಕೇಳಿದೆ.

"ಅದೇ ಆಸೆ ಮೇಡಂ. ಆದ್ರ ಮಾತು ಕೊಡಾಕಾಗಲ್ಲ."

ಸಹಿ ಹಾಕಿದೆ. ಅವಳು ನನ್ನ ತೋಳಿಗೆ ಪಟ್ಟಿ ಕಟ್ಟಿ ಸೂಜಿ ಹಿಡಿದ ರೀತಿ ನೋಡಿಯೇ ಇದು ತಪ್ಪುತ್ತದೆ ಎಂದು ಗೊತ್ತಾಯಿತು, ತಪ್ಪಿತು. ಪಾಪದ ಹುಡುಗಿ ಬೆವರಿದಳು. ಮಲಗಿದಲ್ಲಿಂದಲೇ ಹೇಳಿಕೊಟ್ಟೆ. "ಸೂಜಿ ಅಷ್ಟು ನೆಟ್ಟಗೆ ಹಿಡೀಬ್ಯಾಡ, ಮಲಗಿಸಿ ಹಿಡಿ. ಚರ್ಮ ಕೆಳಗೆ ಎಳಕೋ. ನರ ನೋಡಬ್ಯಾಡ, ಬೆರಳಾಗೆ ಮುಟ್ಟಿ ತಿಳಕೋ." ಮೂರನೇ ಸಲ ರಕ್ತ ಬಂತು. ಆರು ಗಂಟೆಯಲ್ಲಿ ಆ ಹತ್ತು ನಿಮಿಷ ಮಾತ್ರ ನಾನು ರೋಗಿ ಎನ್ನುವುದು ಮರೆತುಹೋಗಿತ್ತು.

"ರಿಪೋರ್ಟ್ ಯಾವಾಗ ಬರುತ್ತೆ?" ಎಂದೆ.

"ಬರಲ್ಲ ಮೇಡಂ. ನಮ್ಮ ಕಡೆ ಟ್ಯೂಬಿಗೆ ಹೆಸರಿರಲ್ಲ, ಬರೀ ನಂಬರು. ನೂರಾರು ಜನರದ್ದು ಒಟ್ಟಿಗೆ ಇಟ್ಟು ನೋಡ್ತೀವಿ. ಒಬ್ರದ್ದು ಅಷ್ಟೇ ನೋಡಿದ್ರೆ ಅದರಿಂದ ಈಗ ಏನೂ ಹೇಳಾಕಾಗಲ್ಲ."

ಅಲ್ಲಿಯವರೆಗೆ ನಾನು ಕಂಡ ಟ್ಯೂಬುಗಳಲ್ಲಿ ವಾಪಸ್ಸು ಅಂಕಿ ತರದ ಮೊದಲ ಟ್ಯೂಬು ಅದು. ಅದೂ ನನ್ನದೇ.

ಚೂರಿನ ರಿಪೋರ್ಟು ಬರಲು ಐದು ದಿನ. ಆ ಐದು ದಿನ ನಾನು ಕಾರಿಡಾರಿನ ಈ ಕೊನೆಯಿಂದ ಆ ಕೊನೆಗೆ ನಡೆದದ್ದನ್ನು ಕೂಡಿಸಿದರೆ ಹರಿಹರಕ್ಕೆ ನಡೆದೇ ಹೋಗಬಹುದಿತ್ತು. ಕೊನೆಗೆ ಡಾಕ್ಟರು ಕರೆದು ಕಾಯಿಲೆಯ ಹೆಸರು ಹೇಳಿದರು, ಐಜಿಎ. ಮೈಯನ್ನು ಕಾಯಬೇಕಾದ ಆ ಹೆಸರಿನ ಪ್ರೋಟೀನೇ ಕಿಡ್ನಿಯ ಜರಡಿಯಲ್ಲಿ ಸಿಕ್ಕಿಕೊಂಡು ಅದನ್ನು ಹಾಳು ಮಾಡುತ್ತದಂತೆ. ಸ್ವಲ್ಪ ಭಾಗ ಕಲೆಗಟ್ಟಿತ್ತು. ಕಲೆಗಟ್ಟಿದ್ದು ವಾಪಸ್ಸು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದರು. ನಮ್ಮವರು ಮುಂದೆ ಏನಾಗಬಹುದು ಎಂದು ಕೇಳಿದರು. ಚೆನ್ನಾಗಿದ್ದರೆ ಹೀಗೇ ಬಹಳ ವರ್ಷ ನಡೆಯಬಹುದು, ಇಲ್ಲವಾದರೆ ಒಂದು ದಿನ ಡಯಾಲಿಸಿಸ್, ಅಥವಾ ಬೇರೆ ಕಿಡ್ನಿ.

ಹೊರಗೆ ಬಂದ ಮೇಲೆ ಅತ್ತೆ ಕೇಳಿದರು, "ನನ್ನ ಕಿಡ್ನಿ ಹಾಕ್ತಾರೇನು?"

"ಇಲ್ಲ ಅತ್ತಿ. ನಿಮಗೆ ಸಕ್ಕರೆ ಐತೆ, ವಯಸ್ಸೂ ಆಗೈತೆ."

"ಹಂಗಾರೆ ಐವತ್ತು ಅಂತ ಬರಿ. ನಿಂಗೆ ಅದು ಕಷ್ಟ ಏನಲ್ಲಲ್ಲ."

ನಮ್ಮವರಿಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ. ಅವತ್ತಿನಿಂದ ನಾವಿಬ್ಬರೂ ಮತ್ತೆ ಮಾತಾಡತೊಡಗಿದೆವು.

ಆರು ತಿಂಗಳು ಸ್ಟೀರಾಯ್ಡ್ ಮಾತ್ರೆ. ಮೊದಲೇ ನಿಲ್ಲದ ಕಾಲು, ಅದಕ್ಕೆ ಈ ಮಾತ್ರೆ ಸೇರಿ ಮೈಯೊಳಗೆ ಯಾರೋ ಕೀಲಿ ಕೊಟ್ಟು ಬಿಟ್ಟಂತಾಯಿತು. ಒಂದು ಮಧ್ಯಾಹ್ನ ಹಿತ್ತಾಳೆ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ, ಒರೆಸಿ, ಇನ್ನೂ ಕೈ ಸುಮ್ಮನಿರದೆ ಪಕ್ಕದ ಮನೆಯವರ ಕೊಡವನ್ನೂ ಇಸಿದುಕೊಂಡು ತಿಕ್ಕಿದೆ. ಹಸಿವು ಎಂದರೆ ಹಸಿವು. ಮುಖ ಹುಣ್ಣಿಮೆ ಚಂದ್ರನಂತೆ ಗುಂಡಗಾಯಿತು. ಕೇಂದ್ರಕ್ಕೆ ಬರುವವರು "ಮೈ ಕೈ ತುಂಬ್ಕೊಂಡು ಚೆಂದ ಆಗೀರಿ ಅಕ್ಕಾ" ಎಂದರೆ ಏನು ಹೇಳಬೇಕೋ ತಿಳಿಯದೆ ಥ್ಯಾಂಕ್ಸ್ ಹೇಳುತ್ತಿದ್ದೆ.

ಹದಿನೈದು ದಿನಕ್ಕೊಮ್ಮೆ ನಾಜಿಯಾಗೆ ಫೋನು ಮಾಡುತ್ತಿದ್ದೆ. ಮೊಬೈಲಿನಲ್ಲಿ ಆ ಉಂಗುರಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ಇಲಿಯಲ್ಲಿ ಹೀಗಾಯಿತು, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶದಲ್ಲಿ ಹಾಗಾಯಿತು. ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧ ಹೆದರಿಸುತ್ತಿತ್ತು. ನನ್ನೊಳಗೆ ಯಾವ ಉಂಗುರ ಜಾಸ್ತಿಯಿದೆ, ಯಾವುದು ಕಮ್ಮಿಯಿದೆ ಎಂದು ಯಾರಿಗಾದರೂ ಗೊತ್ತಿರಲೇಬೇಕು ಅನ್ನಿಸುತ್ತಿತ್ತು. ಒಂದು ದಿನ ಸಿಟ್ಟಿನಲ್ಲಿ, "ಏನೂ ಹೇಳಲ್ಲ ಅಂದ್ರೆ ನನ್ನ ರಕ್ತ ಯಾಕ ತಗಂಡೆ?" ಎಂದುಬಿಟ್ಟೆ.

ಅವಳು ಬೇಸರ ಮಾಡಿಕೊಳ್ಳಲಿಲ್ಲ. "ಮೇಡಂ, ನಾನೂ ಕಾಯ್ತಿದೀನಿ. ದೊಡ್ಡ ಮಿಷನ್ನು ಬೇರೆ ಊರಾಗೈತೆ, ನಮ್ಮ ಸರದಿ ಇನ್ನೂ ಬಂದಿಲ್ಲ. ಫ್ರೀಜರ್ ಕರೆಂಟ್ ಹೋತಾ ಅಂತ ದಿನಾ ಎರಡು ಸಲ ಹೋಗಿ ನೋಡ್ತೀನಿ. ಬಚ್ಚಿಟ್ಟಿಲ್ಲ ರೀ. ನಿಜವಾಗ್ಲೂ ಗೊತ್ತಿಲ್ಲ" ಎಂದಳು.

ವಿಚಿತ್ರ ಎಂದರೆ ಆ ಮಾತಿನಿಂದ ಜೀವಕ್ಕೆ ಸ್ವಲ್ಪ ತಂಪಾಯಿತು. ಮನೆಯಲ್ಲಿ ಗೊತ್ತಿದ್ದೂ ಹೇಳದ ಇಬ್ಬರಿದ್ದೆವು. ಇವಳಿಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಧೈರ್ಯವಿತ್ತು. ಆರೋಗ್ಯವಾಗಿರುವವರ ರಕ್ತವೂ ಹೋಲಿಸಿ ನೋಡಲು ಬೇಕು ಎಂದು ಅವಳು ಹೇಳಿದಾಗ ಅತ್ತೆಯೇ ಮೊದಲು ತೋಳು ಚಾಚಿದರು. ಸಕ್ಕರೆ ಇರುವವರದ್ದು ಆಗುವುದಿಲ್ಲ ಎಂದದ್ದಕ್ಕೆ ಅವರಿಗೆ ಬಹಳ ಅವಮಾನವಾಯಿತು. ಕೊನೆಗೆ ಸೂಜಿ ಎಂದರೆ ಬೆವರುವ ನಮ್ಮವರು ಕಣ್ಣು ಮುಚ್ಚಿ ಕೊಟ್ಟರು. ನಾಜಿಯಾ ಮೊದಲ ಸಲಕ್ಕೇ ನರ ಹಿಡಿದಳು, ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಕಳೆದ ತಿಂಗಳು ಮತ್ತೆ ದಾವಣಗೆರೆಗೆ ಹೋಗಿದ್ದೆವು, ನಾನು ಮತ್ತು ಅತ್ತೆ. ಈಗೆಲ್ಲ ಅವರು ಜೊತೆಗೆ ಬಂದೇ ಬರುತ್ತಾರೆ. ಮೂತ್ರದ ಪ್ರೋಟೀನು ಇಳಿದಿತ್ತು, ಕ್ರಿಯಾಟಿನೈನ್ ಇದ್ದಲ್ಲೇ ನಿಂತಿತ್ತು. ಇಳಿಯುವುದಿಲ್ಲ, ಏರದಿದ್ದರೆ ಸಾಕು. ಡಾಕ್ಟರು ಮಾತ್ರೆ ಬರೆದು ಫೈಲು ಮುಚ್ಚಿದರು. ನಾನು ಏಳಲಿಲ್ಲ. ಎರಡು ವರ್ಷದಿಂದ ನಾಲಿಗೆಯ ತುದಿಗೆ ಬಂದು ವಾಪಸ್ಸು ಹೋಗುತ್ತಿದ್ದದ್ದನ್ನು ಅವತ್ತು ಕೇಳಿಯೇಬಿಟ್ಟೆ.

"ಸರ್, ಆ ನಾಲ್ಕು ತಿಂಗಳು ಮೊದಲೇ ನನ್ನ ಹೆಸರಲ್ಲೇ ಬಂದಿದ್ರೆ ಆ ಕಲೆ ಆಗ್ತಿರಲಿಲ್ವಾ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸ್ವಲ್ಪ ಕಮ್ಮಿ ಆಗಿರಬಹುದು. ಆಗದೇನೂ ಇರಬಹುದು. ಯಾವಾಗ ಶುರುವಾಯ್ತು ಅಂತಾನೇ ಗೊತ್ತಿಲ್ಲ. ಅದನ್ನ ಹೇಳೋ ಪರೀಕ್ಷೆ ಯಾವುದೂ ಇಲ್ಲಮ್ಮ" ಎಂದರು.

ಬಸ್ ಸ್ಟ್ಯಾಂಡಿಗೆ ನಡೆದೆವು. ಹರಿಹರದ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲು ಬೆಂಚಿನ ಮೇಲೆ ಕುಳಿತೆವು.

"ಡಾಕ್ಟ್ರಿಗೆ ನೀನು ಕೇಳಿದ್ಯಲ್ಲ" ಎಂದರು ಅತ್ತೆ. "ಅದನ್ನ ನಾನು ದಿನಾ ದೇವರಿಗೆ ಕೇಳ್ತೀನಿ. ದೀಪ ಹಚ್ಚುವಾಗ."

ಅವರ ಕಡೆ ತಿರುಗಿ ನೋಡಿದೆ. ಅರವತ್ತೆಂಟು ದಾಟಿ ಎಪ್ಪತ್ತಾಗಿತ್ತು ಅವರಿಗೆ. ಎರಡು ವರ್ಷದಿಂದ ಒಂದೇ ಮನೆಯಲ್ಲಿ, ಒಂದೇ ಸಾರು ಉಂಡು, ಇಬ್ಬರೂ ಬೇರೆ ಬೇರೆಯಾಗಿ ಅದೇ ಪ್ರಶ್ನೆಯನ್ನು ಕೇಳಿಕೊಳ್ಳುತ್ತಾ ಇದ್ದೆವು. ಮತ್ತೆ ಒಬ್ಬರಿಗೊಬ್ಬರು ಹೇಳದೆ.

ನನಗೆ ಅಳು ಬಂತು. ಜನರಿದ್ದಾರೆ ಎಂದೂ ನೋಡದೆ ಅತ್ತುಬಿಟ್ಟೆ. ಅವರು ಸೆರಗಿನಿಂದ ನನ್ನ ಮುಖ ಒರೆಸಿದರು. ಅಷ್ಟರಲ್ಲಿ ಬಸ್ಸು ಬಂತು, ಜನ ನುಗ್ಗಿದರು. ಅತ್ತೆ ಚೀಲ ಹೆಗಲಿಗೇರಿಸಿ ನನ್ನ ಮುಂಗೈ ಹಿಡಿದು ಎಬ್ಬಿಸಿದರು.

"ನೋಡು ರೇಣುಕಾ, ನಾಲ್ಕು ತಿಂಗಳಾಗೆ ಎರಡು ನಂದು" ಎಂದರು. "ನೀನು ಎರಡರದ್ದು ಮಾತ್ರ ಚಿಂತಿ ಮಾಡು. ಬಸ್ ಹತ್ತು, ಸೀಟು ಹೋಗ್ತಾವೆ."